ಬಾಣಂತಿಯ ಚೇತರಿಕೆಗೆ ಹೋಮಿಯೋಪಥಿ ಗುಳಿಗೆಗಳಿಂದ ಸಹಾಯವಾಗುತ್ತದೆಯೇ?

ಗುಬ್ಬಿಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹೆರಿಗೆಯಾಗಿ ಇಂದಿಗೆ ಹತ್ತೊಂಬತ್ತು ದಿನಗಳಾದವು. ಚೊಚ್ಚಲ ಹೆರಿಗೆ; ಸಹಜವಾಗಿಯೇ ಆಯಿತು, ಆದರೆ ಹೊಲಿಗೆ ಬಿದ್ದಿದೆ, ಮತ್ತು ಆ ಹೊತ್ತಿನಲ್ಲಿ ರಕ್ತ ಸ್ವಲ್ಪ ಹೆಚ್ಚೇ ಹೋಯಿತೆಂದು ವೈದ್ಯರು ಹೇಳಿದ್ದರು. ಮೂರನೆಯ ದಿನ ಮನೆಗೆ ಕರೆತಂದೆವು. ಅಂದಿನಿಂದ ನಮ್ಮ ಪದ್ಧತಿಯಂತೆ ಎಣ್ಣೆನೀರು, ಸಾಮ್ರಾಣಿ ಹೊಗೆ, ಮೆಣಸು ಬೆಳ್ಳುಳ್ಳಿಯ ಸಾರು, ಸಬ್ಬಸಿಗೆ ಸೊಪ್ಪು ಎಲ್ಲವೂ ನಡೆಯುತ್ತಿದೆ.

ನನ್ನ ನಾದಿನಿ ಹೋಮಿಯೋಪಥಿಯನ್ನು ಬಹಳ ನಂಬುತ್ತಾರೆ. ಅವರು ವೈದ್ಯರಲ್ಲ, ಪುಸ್ತಕ ಓದಿಕೊಂಡು, ಮನೆಯಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಂಡು, ಬಂಧುಗಳಿಗೆಲ್ಲ ಸಕ್ಕರೆ ಗುಳಿಗೆ ಕೊಡುತ್ತಾರೆ. ಮಗಳಿಗೆ ಹೊಲಿಗೆಯ ನೋವಿಗೆಂದು ಆರ್ನಿಕಾ 200, ಒಳಗಿನ ಪೆಟ್ಟಿಗೆಂದು ಬೆಲ್ಲಿಸ್ ಪೆರೆನ್ನಿಸ್ 30, ಅಳುಬುರುಕುತನಕ್ಕೆಂದು ಪಲ್ಸಟಿಲ್ಲಾ ಕೊಟ್ಟರು. ಜೊತೆಗೆ ಎರಡು ಕಟ್ಟಳೆಗಳನ್ನು ಹಾಕಿದರು. ಒಂದು, ಬೆಳ್ಳುಳ್ಳಿ, ಈರುಳ್ಳಿ, ಕಾಫಿ ಬಿಡಬೇಕು. ಇನ್ನೊಂದು, ಆಸ್ಪತ್ರೆಯವರು ಕೊಟ್ಟ ಇಂಗ್ಲಿಷ್ ಔಷಧಿಗಳನ್ನು ನಿಲ್ಲಿಸಬೇಕು, ಇಲ್ಲವಾದರೆ ಗುಳಿಗೆಯ ಗುಣ ಕತ್ತರಿಸಿ ಹೋಗುತ್ತದೆ. ಹೀಗಾಗಿ ಕಬ್ಬಿಣದ ಮಾತ್ರೆಗಳು ಹನ್ನೊಂದು ದಿನಗಳಿಂದ ಕಪಾಟಿನಲ್ಲಿಯೇ ಇವೆ.

ಹೊಲಿಗೆಯ ನೋವು ನಿಜವಾಗಿಯೂ ಇಳಿದಿದೆ, ಅಳುವೂ ನಿಂತಿದೆ. ಆದರೆ ಮಹಡಿಯ ಮೆಟ್ಟಿಲು ಹತ್ತಿದರೆ ಮಗಳಿಗೆ ಏದುಸಿರು ಬರುತ್ತದೆ, ಮುಖ ಬಿಳಿಚಿಕೊಂಡಿದೆ. ಬೆಳ್ಳುಳ್ಳಿಯಿಲ್ಲದ ಬಾಣಂತನವನ್ನು ನನ್ನ ಅತ್ತೆಯವರು ಒಪ್ಪುತ್ತಿಲ್ಲ, ನಾದಿನಿಯವರು ಬೆಳ್ಳುಳ್ಳಿಯನ್ನು ಒಪ್ಪುತ್ತಿಲ್ಲ. ಈ ಗುಳಿಗೆಗಳಿಂದ ಬಾಣಂತಿಗೆ ನಿಜವಾಗಿ ಒಳಿತಾಗುತ್ತದೆಯೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ತಿಪಟೂರಿನ ತಂದೆ

ಅಮ್ಮ, ನನ್ನ ಅನುಭವವನ್ನು ಇದ್ದಂತೆ ಹೇಳುತ್ತೇನೆ. ನನ್ನ ಹೆಂಡತಿಗೆ ಎರಡು ಹೆರಿಗೆಗಳಾಗಿವೆ. ಮೊದಲನೆಯದರ ನಂತರ ಅವಳು ಒಂದು ತಿಂಗಳು ನೆಟ್ಟಗೆ ಕೂರಲಾರದೆ ಒದ್ದಾಡಿದಳು. ಎರಡನೆಯ ಸಲ ಅರ್ಹ ಹೋಮಿಯೋಪಥಿ ವೈದ್ಯರೊಬ್ಬರನ್ನು ಮೊದಲೇ ಕಂಡು, ಹೆರಿಗೆಯಾದ ದಿನದಿಂದಲೇ ಆರ್ನಿಕಾ ಆರಂಭಿಸಿದೆವು. ಹತ್ತನೆಯ ದಿನಕ್ಕೆ ಅವಳು ಎದ್ದು ಓಡಾಡುತ್ತಿದ್ದಳು. ನಾನು ಕೊಬ್ಬರಿ ವ್ಯಾಪಾರಿ. ವಿಜ್ಞಾನದ ವಾದ ನನಗೆ ತಿಳಿಯದು. ಕಣ್ಣಾರೆ ಕಂಡದ್ದನ್ನು ಮಾತ್ರ ಅಲ್ಲಗಳೆಯಲಾರೆ. ಮಾತ್ರೆಗಳು ಹಾಲಿನಲ್ಲಿ ಮಗುವಿಗೆ ಹೋಗುತ್ತವೆಂಬ ಭಯ ಎಲ್ಲ ತಾಯಂದಿರಿಗೂ ಇರುತ್ತದೆ. ಗುಳಿಗೆಯಲ್ಲಿ ಆ ಭಯವಿಲ್ಲ ಎನ್ನುವುದೇ ನಮಗೆ ದೊಡ್ಡ ಸಮಾಧಾನವಾಗಿತ್ತು.

ಮಧುಗಿರಿಯ ನಿವೃತ್ತ ದಾದಿ

ಗುಬ್ಬಿಯ ತಾಯಿಯವರೇ, ಗುಳಿಗೆಯ ಚರ್ಚೆಗಿಂತ ಮೊದಲು ಒಂದು ಮಾತು. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದ ಬಾಣಂತಿ ಹತ್ತೊಂಬತ್ತನೆಯ ದಿನ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದಾಳೆ, ಬಿಳಿಚಿಕೊಂಡಿದ್ದಾಳೆ ಎಂದರೆ ಅವಳ ಹಿಮೋಗ್ಲೋಬಿನ್ ನೋಡಿಸಲೇಬೇಕು, ಅದೂ ನಾಳೆಯೇ. ಅದಕ್ಕೆ ತುಮಕೂರಿನವರೆಗೆ ಹೋಗಬೇಕಾಗಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿಯೇ ಆಗುತ್ತದೆ. ಕುಳಿತಲ್ಲಿಯೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಒಂದು ಕಾಲು ಮಾತ್ರ ಊದಿಕೊಂಡು ನೋಯುತ್ತಿದ್ದರೆ ನಾಳೆಯವರೆಗೂ ಕಾಯದೆ 108ಕ್ಕೆ ಕರೆ ಮಾಡಿ.

ಈಗ ಗುಳಿಗೆಯ ವಿಷಯ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆರಿಗೆ ವಾರ್ಡಿನಲ್ಲಿ ದುಡಿದವಳು. ಬಾಣಂತಿಯ ದೇಹಕ್ಕೆ ತನ್ನದೇ ಆದ ಪಂಚಾಂಗವಿದೆ. ಗರ್ಭಕೋಶ ಹಿಡಿದುಕೊಂಡು ಬರುವ ನೋವು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಕೆಂಪು ಸ್ರಾವ ಮೊದಲ ಕೆಲವು ದಿನ ಇದ್ದು, ಅನಂತರ ಕಂದಿ, ಆಮೇಲೆ ಹಳದಿ ಬಿಳುಪಾಗಿ ನಾಲ್ಕರಿಂದ ಆರು ವಾರಗಳಲ್ಲಿ ನಿಲ್ಲುತ್ತದೆ. ಎರಡು ವಾರದ ಹೊತ್ತಿಗೆ ಗರ್ಭಕೋಶ ಕೈಗೆ ಸಿಗದಷ್ಟು ಕೆಳಗಿಳಿದಿರುತ್ತದೆ. ಹೊಲಿಗೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ಮೂರನೆಯ, ನಾಲ್ಕನೆಯ ದಿನ ಕಾರಣವಿಲ್ಲದೆ ಬರುವ ಅಳು ಹೆಚ್ಚಿನವರಲ್ಲಿ ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ನಿಮ್ಮ ಮಗಳಿಗೆ ಯಾವ ಎರಡು ತೊಂದರೆಗಳು ಗುಳಿಗೆಯಿಂದ ಗುಣವಾದವೆಂದು ನೀವು ಬರೆದಿದ್ದೀರೋ ಅವೆರಡೂ ಈ ಪಂಚಾಂಗದ ಪ್ರಕಾರವೇ ಗುಣವಾಗಿವೆ. ತಾನಾಗಿ ಗುಣವಾಗದ ಒಂದೇ ಒಂದು ತೊಂದರೆ, ಅಂದರೆ ಕಳೆದುಹೋದ ರಕ್ತ, ಹಾಗೆಯೇ ಉಳಿದಿದೆ.

ತಿಪಟೂರಿನ ತಂದೆಯವರಿಗೆ ಒಂದು ಮಾತು. ಎರಡನೆಯ ಹೆರಿಗೆ ಬಹುಪಾಲು ಬೇಗ ಆಗುತ್ತದೆ, ಹರಿಯುವುದೂ ಕಡಿಮೆ, ಹೊಲಿಗೆಯೂ ಕಡಿಮೆ. ನಿಮ್ಮ ಮನೆಯವರು ಎರಡನೆಯ ಸಲ ಬೇಗ ಎದ್ದದ್ದು ನಿಜ. ಆದರೆ ಆರ್ನಿಕಾ ಮುಟ್ಟದ ಸಾವಿರಾರು ಹೆಂಗಸರೂ ಎರಡನೆಯ ಸಲ ಹಾಗೆಯೇ ಬೇಗ ಎದ್ದದ್ದನ್ನು ನಾನು ಕಂಡಿದ್ದೇನೆ. ಹಾಲಿನ ಭಯದ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ಯಾರಾಸಿಟಮಾಲ್ ಹಾಲಿನೊಳಗೆ ಹೋಗುವ ಪ್ರಮಾಣ ಅತ್ಯಲ್ಪ, ಹಾಲೂಡಿಸುವ ತಾಯಿಗೆ ಅದನ್ನು ಧಾರಾಳವಾಗಿ ಕೊಡುತ್ತಾರೆ. ನೋವು ನುಂಗಿಕೊಂಡು ಕೂರಲಾರದೆ ಮಗುವಿಗೆ ಹಾಲೂಡಿಸುವುದನ್ನೇ ತಪ್ಪಿಸಿದವರನ್ನು ನೋಡಿ ನಾನು ಮರುಗಿದ್ದೇನೆ.

ಕೋಲಾರದ ರಸಾಯನಶಾಸ್ತ್ರ ಉಪನ್ಯಾಸಕ

ಗುಳಿಗೆಯ ಸೀಸೆಯ ಮೇಲಿನ ಅಂಕಿಯ ಅರ್ಥವೇನೆಂದು ಸ್ವಲ್ಪ ವಿವರಿಸಬೇಕೆನಿಸುತ್ತದೆ, ಏಕೆಂದರೆ ನನ್ನ ವಿದ್ಯಾರ್ಥಿಗಳ ಮನೆಗಳಲ್ಲಿಯೂ 200 ಎಂದರೆ 30ಕ್ಕಿಂತ ಹೆಚ್ಚು ಔಷಧಿ ಇದೆ ಎಂದೇ ನಂಬಿದ್ದಾರೆ. ಆಗುವುದು ತದ್ವಿರುದ್ಧ. ಈ ಪದ್ಧತಿಯನ್ನು ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನೆಮನ್ 1796ರಲ್ಲಿ ಮುಂದಿಟ್ಟರು. ಗಿಡದ ಮೂಲ ರಸದ ಒಂದು ಹನಿಗೆ ತೊಂಬತ್ತೊಂಬತ್ತು ಹನಿ ಮದ್ಯಸಾರ ಅಥವಾ ನೀರು ಸೇರಿಸಿ ಕುಲುಕಿದರೆ ಒಂದನೆಯ ಹಂತ. ಅದರಿಂದ ಒಂದು ಹನಿ ತೆಗೆದು ಮತ್ತೆ ತೊಂಬತ್ತೊಂಬತ್ತು ಹನಿಗೆ ಸೇರಿಸಿದರೆ ಎರಡನೆಯ ಹಂತ. 30 ಎಂದರೆ ಹೀಗೆ ಮೂವತ್ತು ಸಲ.

ಹತ್ತು ಲಕ್ಷ ಘನ ಮೀಟರ್ ನೀರು ತುಂಬಿದ ಒಂದು ಕೆರೆಯನ್ನು ನೆನೆಸಿಕೊಳ್ಳಿ. ನಮ್ಮ ಬಯಲುಸೀಮೆಯಲ್ಲಿ ಅಂಥ ಕೆರೆ ತುಂಬುವುದೇ ಭಾಗ್ಯ. ಅದರಲ್ಲಿರುವುದು ನೂರು ಕೋಟಿ ಲೀಟರ್ ನೀರು. ಅದಕ್ಕೆ ಆರ್ನಿಕಾ ರಸದ ಒಂದೇ ಒಂದು ಹನಿ ಬಿಟ್ಟು ಚೆನ್ನಾಗಿ ಕದಡಿದರೆ ಸಿಗುವ ನೀರು ಆರನೆಯ ಮತ್ತು ಏಳನೆಯ ಹಂತಗಳ ನಡುವೆ ನಿಲ್ಲುತ್ತದೆ. ಇಡೀ ಕೆರೆಗೆ ಒಂದು ಹನಿ ಹಾಕಿದರೂ ಏಳು ಮುಟ್ಟಲಿಲ್ಲ. ಮೂವತ್ತನ್ನು ಮುಟ್ಟಲು ಇನ್ನೂ ಇಪ್ಪತ್ಮೂರಕ್ಕೂ ಹೆಚ್ಚು ಸಲ ನೂರು ಪಟ್ಟು ತೆಳುವಾಗಿಸಬೇಕು. ಹನ್ನೆರಡನೆಯ ಹಂತದ ಆಸುಪಾಸಿನಲ್ಲಿಯೇ ಮೂಲ ವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಂಭವ ಕೈತಪ್ಪುತ್ತದೆ. ಇದು ನಿರ್ದಿಷ್ಟ ಪ್ರಮಾಣದ ವಸ್ತುವಿನಲ್ಲಿ ಎಷ್ಟು ಅಣುಗಳಿರುತ್ತವೆಂದು ಹೇಳುವ ಅವೊಗಾಡ್ರೊ ಸಂಖ್ಯೆಯಿಂದ ಯಾವ ಪದವಿಪೂರ್ವ ವಿದ್ಯಾರ್ಥಿಯೂ ಲೆಕ್ಕ ಹಾಕಬಹುದಾದ ಸಂಗತಿ. ಆದ್ದರಿಂದ 200ರ ಗುಳಿಗೆ ಹಾಲಿನ ಮೂಲಕ ಮಗುವಿಗೆ ಹೋಗುವುದಿಲ್ಲ ಎನ್ನುವುದು ಸರಿ. ಆದರೆ ತಾಯಿಯ ಹೊಲಿಗೆಗೂ ಅದೇ ಕಾರಣದಿಂದಲೇ ಹೋಗುವುದಿಲ್ಲ.

ಲೆಕ್ಕ ಬದಿಗಿರಲಿ, ಪರೀಕ್ಷೆಗಳು ಏನು ಹೇಳುತ್ತವೆ ಎಂದು ಕೇಳುವುದು ನ್ಯಾಯ. ಆರ್ನಿಕಾ ಒಂದನ್ನೇ ಕುರಿತು ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನು 1998ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಅದು ಔಷಧಿಯೇ ಇಲ್ಲದ ಖಾಲಿ ಗುಳಿಗೆಗಿಂತ ಮಿಗಿಲೆಂದು ಕಟ್ಟುನಿಟ್ಟಿನ ಪ್ರಯೋಗಗಳಿಂದ ತೋರಿಬರಲಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 176 ಅಧ್ಯಯನಗಳನ್ನು ತೂಗಿ ನೋಡಿ, ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆಯಿರುವ ಕಾಯಿಲೆ ಒಂದೂ ಇಲ್ಲವೆಂದು ತೀರ್ಮಾನಿಸಿತು.

ಚಿಂತಾಮಣಿಯ ಹೋಮಿಯೋಪಥಿ ವೈದ್ಯೆ

ನಾನು ಬಿ.ಎಚ್.ಎಂ.ಎಸ್. ಎಂಬ ಹೋಮಿಯೋಪಥಿ ಪದವಿ ಓದಿ ಹದಿನಾರು ವರ್ಷಗಳಿಂದ ವೃತ್ತಿಯಲ್ಲಿದ್ದೇನೆ, ಆದ್ದರಿಂದ ನನ್ನ ಮಾತನ್ನೂ ಆಲಿಸಬೇಕೆಂದು ಕೋರುತ್ತೇನೆ.

ಮೊದಲಿಗೆ, ಗುಬ್ಬಿಯ ತಾಯಿಯವರ ನಾದಿನಿ ಮಾಡಿದ್ದು ಹೋಮಿಯೋಪಥಿಯಲ್ಲ. ರಕ್ತಹೀನತೆಯ ಬಾಣಂತಿಗೆ ಕಬ್ಬಿಣದ ಮಾತ್ರೆ ನಿಲ್ಲಿಸಿ ಎಂದು ನಮ್ಮ ಕಾಲೇಜುಗಳಲ್ಲಿ ಯಾರೂ ಕಲಿಸುವುದಿಲ್ಲ. ನಮ್ಮ ಪಠ್ಯದಲ್ಲಿಯೂ ಪ್ರಸೂತಿಶಾಸ್ತ್ರವಿದೆ, ಹೆರಿಗೆಯ ನಂತರದ ರಕ್ತಸ್ರಾವದ ಪಾಠವಿದೆ. ನನ್ನಲ್ಲಿಗೆ ಬರುವ ಬಾಣಂತಿಯರಿಗೆ ನಾನು ಮೊದಲು ಕೇಳುವುದೇ ತಾಯಿ ಕಾರ್ಡನ್ನು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಮುಂದುವರಿಸಿ ಎಂದು ನನ್ನ ಚೀಟಿಯಲ್ಲಿಯೇ ಬರೆಯುತ್ತೇನೆ. ಬೆಳ್ಳುಳ್ಳಿಯ ಪಥ್ಯವನ್ನು ನಾನು ಎಂದೋ ಕೈಬಿಟ್ಟಿದ್ದೇನೆ. ಗುಳಿಗೆಯ ಹಿಂದೆ ಮುಂದೆ ಕಾಲು ಗಂಟೆ ಬಾಯಿ ಶುದ್ಧವಿದ್ದರೆ ಸಾಕೆನ್ನುತ್ತೇನೆ.

ಎರಡನೆಯದಾಗಿ, ಉಪನ್ಯಾಸಕರು ಒಂದು ಅಧ್ಯಯನವನ್ನು ಬಿಟ್ಟಿದ್ದಾರೆ. 2005ರಲ್ಲಿ ಇಸ್ರೇಲಿನಲ್ಲಿ ನಲವತ್ತು ಬಾಣಂತಿಯರಿಗೆ ಆರ್ನಿಕಾ ಮತ್ತು ಬೆಲ್ಲಿಸ್ ಪೆರೆನ್ನಿಸ್ ಕೊಟ್ಟು, ಯಾರಿಗೆ ಔಷಧಿ, ಯಾರಿಗೆ ಖಾಲಿ ಗುಳಿಗೆ ಎಂಬುದು ಕೊಟ್ಟವರಿಗೂ ಪಡೆದವರಿಗೂ ತಿಳಿಯದಂತೆ ಪರೀಕ್ಷೆ ಮಾಡಿದ್ದಾರೆ. ಎಪ್ಪತ್ತೆರಡು ಗಂಟೆಗಳ ನಂತರ ಖಾಲಿ ಗುಳಿಗೆಯವರ ಹಿಮೋಗ್ಲೋಬಿನ್ 12.7ರಿಂದ 11.6ಕ್ಕೆ ಇಳಿದಿತ್ತು, ಔಷಧಿ ಪಡೆದವರದು 12.7ರಿಂದ 12.4ಕ್ಕೆ ಮಾತ್ರ ಇಳಿದಿತ್ತು. ಇದು ಬಾಣಂತಿಯರ ಮೇಲೆಯೇ ನಡೆದ ಅಧ್ಯಯನ.

ಇನ್ನೊಂದು ಸಂಗತಿಯನ್ನು ಎಲ್ಲರೂ ಗಮನಿಸಬೇಕು. ನಾನು ಹೊಸ ಬಾಣಂತಿಯೊಬ್ಬಳ ಎದುರು ಮುಕ್ಕಾಲು ಗಂಟೆ ಕೂರುತ್ತೇನೆ. ನಿದ್ದೆ ಹೇಗಿದೆ, ಅತ್ತೆಯ ಮನೆಯಲ್ಲಿ ಯಾರು ಏನೆಂದರು, ಹೆಣ್ಣು ಮಗುವಾಯಿತೆಂದು ಯಾರಾದರೂ ಮುಖ ಸಿಂಡರಿಸಿದರೇ, ಎಲ್ಲವನ್ನೂ ಕೇಳುತ್ತೇನೆ. ಎಷ್ಟೋ ಹೆಂಗಸರು ಅಲ್ಲಿಯೇ ಮೊದಲ ಸಲ ಮನಬಿಚ್ಚಿ ಅಳುತ್ತಾರೆ. ನೂರು ಜನರ ಸಾಲು ನಿಂತಿರುವ ಹೊರರೋಗಿ ವಿಭಾಗದಲ್ಲಿ ಆ ಸಮಯ ಯಾರಿಗೆ ಸಿಗುತ್ತದೆ?

ಕೋಲಾರದ ರಸಾಯನಶಾಸ್ತ್ರ ಉಪನ್ಯಾಸಕ

ವೈದ್ಯೆಯವರು ಆ ಅಧ್ಯಯನವನ್ನು ಮುಂದಿಟ್ಟದ್ದು ಒಳ್ಳೆಯದಾಯಿತು. ಆದರೆ ಆ ನಲವತ್ತು ಜನರನ್ನು ಮೂರು ಗುಂಪುಗಳಾಗಿ ಒಡೆಯಲಾಗಿತ್ತು. ಖಾಲಿ ಗುಳಿಗೆ ಪಡೆದವರು ಹನ್ನೆರಡು ಜನ ಮಾತ್ರ. ಹನ್ನೆರಡು ಜನರಲ್ಲಿ ಇಬ್ಬರು ಮೂವರಿಗೆ ಸ್ರಾವ ಹೆಚ್ಚಾಗಿದ್ದರೂ ಸರಾಸರಿ ಕೆಳಗೆ ಬೀಳುತ್ತದೆ. ನಡೆಸಿದವರೇ ಅದನ್ನು ಸೌಮ್ಯ ರಕ್ತಸ್ರಾವದ ಅಧ್ಯಯನವೆಂದು ಕರೆದಿದ್ದಾರೆ. ಅಷ್ಟು ಸಣ್ಣ ಪ್ರಯೋಗದ ಬಲದ ಮೇಲೆ ಗುಬ್ಬಿಯ ಮಗಳಿಗೆ ಗುಳಿಗೆ ಸಾಕು ಎನ್ನಲು ವೈದ್ಯೆಯವರೂ ಒಪ್ಪಲಾರರೆಂದು ನಂಬಿದ್ದೇನೆ. ಮುಕ್ಕಾಲು ಗಂಟೆಯ ಮಾತನ್ನು ಮಾತ್ರ ನಾನು ಎರಡು ಕೈಯೆತ್ತಿ ಒಪ್ಪುತ್ತೇನೆ.

ಚಿಂತಾಮಣಿಯ ಹೋಮಿಯೋಪಥಿ ವೈದ್ಯೆ

ರಕ್ತಸ್ರಾವಕ್ಕೆ ಗುಳಿಗೆ ಸಾಕೆಂದು ನಾನು ಎಂದಿಗೂ ಹೇಳುವುದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ನಂಬಿಕೆ ಸರಿಯಾಗಿದೆ.

ಮಧುಗಿರಿಯ ನಿವೃತ್ತ ದಾದಿ

ರಕ್ತಸ್ರಾವದ ಮಾತು ಬಂದದ್ದರಿಂದ, ಇದನ್ನು ಓದುವ ಬೇರೆ ಮನೆಗಳವರಿಗಾಗಿ ಬರೆಯುತ್ತಿದ್ದೇನೆ. ಹೋಮಿಯೋಪಥಿಯಲ್ಲಿ ಸಿಕೇಲ್ ಎಂಬ ಔಷಧಿಯನ್ನು ಬಾಣಂತಿಯ ರಕ್ತಸ್ರಾವಕ್ಕೆ ಹೇಳುತ್ತಾರೆ. ಅದು ರೈ ಎಂಬ ಧಾನ್ಯದ ತೆನೆಯಲ್ಲಿ ಬೆಳೆಯುವ ಎರ್ಗಟ್ ಶಿಲೀಂಧ್ರದಿಂದ ಬಂದದ್ದು. ಅದೇ ಶಿಲೀಂಧ್ರದಿಂದ ವಿಜ್ಞಾನಿಗಳು 1935ರಲ್ಲಿ ಎರ್ಗೊಮೆಟ್ರಿನ್ ಬೇರ್ಪಡಿಸಿದರು. ಅದರ ಇನ್ನೊಂದು ರೂಪವನ್ನು ನಾನು ನನ್ನ ಕೈಯಾರೆ ಎಷ್ಟೋ ತಾಯಂದಿರಿಗೆ ಚುಚ್ಚಿ, ಮೆತ್ತಗಿದ್ದ ಗರ್ಭಕೋಶ ಅಂಗೈಯಡಿಯಲ್ಲಿ ಕಲ್ಲಿನಂತೆ ಬಿಗಿಯುವುದನ್ನು ಅನುಭವಿಸಿದ್ದೇನೆ. ರಕ್ತದೊತ್ತಡ ಇರುವವರಿಗೆ ಅದನ್ನು ಕೊಡುವಂತಿಲ್ಲ, ಅಷ್ಟು ತೀವ್ರ ಔಷಧಿ ಅದು. ಮೂಲ ಒಂದೇ ಆದರೂ, ಅಳೆದು ಕೊಟ್ಟ ಔಷಧಿಗೂ ಕೆರೆಗಟ್ಟಲೆ ನೀರಿನಲ್ಲಿ ಕರಗಿಸಿದ್ದಕ್ಕೂ ಹೋಲಿಕೆಯಿಲ್ಲ. ಆರು ವಾರಗಳೊಳಗೆ ಯಾವಾಗಲಾದರೂ ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ದೊಡ್ಡ ಗಡ್ಡೆಗಳು ಬೀಳುತ್ತಿದ್ದರೆ, ಸ್ರಾವ ದುರ್ವಾಸನೆ ಬಂದು ಜ್ವರವಿದ್ದರೆ, ತಲೆನೋವಿನೊಂದಿಗೆ ಕಣ್ಣು ಮಂಜಾಗುತ್ತಿದ್ದರೆ ಯಾವ ಪೆಟ್ಟಿಗೆಯನ್ನೂ ತೆರೆಯದೆ ಆಸ್ಪತ್ರೆಗೆ ಹೊರಡಬೇಕು.

ಶಿಡ್ಲಘಟ್ಟದ ಎರಡು ಮಕ್ಕಳ ತಾಯಿ

ಹಿಂದಿನ ಬರಹಗಳಲ್ಲಿ ಅಳು ಎರಡು ವಾರದಲ್ಲಿ ಹೋಗುತ್ತದೆ ಎಂದಿರುವುದನ್ನು ಓದಿ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಅದು ಹೋಗಲಿಲ್ಲ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನಾಲ್ಕನೆಯ ಜ್ವರಕ್ಕೆ, ಅಂದರೆ ನಾಲ್ಕನೆಯ ಸಲ ಪೊರೆ ಬಿಟ್ಟು, ಹುಳು ಎದ್ದ ಸಮಯದಲ್ಲಿ ನನಗೆ ಎರಡನೆಯ ಮಗುವಾಯಿತು. ಮನೆಯವರೆಲ್ಲ ಹಗಲೂ ರಾತ್ರಿ ಸೊಪ್ಪಿನ ಕೆಲಸದಲ್ಲಿದ್ದರು. ಮಗು ಅತ್ತರೂ ಎತ್ತಿಕೊಳ್ಳಬೇಕೆನಿಸುತ್ತಿರಲಿಲ್ಲ, ಮಗು ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಬಂಧುಗಳೊಬ್ಬರು ಸಿಪಿಯಾ ಎಂಬ ಗುಳಿಗೆ ತಂದುಕೊಟ್ಟರು. ಮಗು, ಗಂಡ ಯಾರೂ ಬೇಡವೆನಿಸುವ ಹೆಂಗಸಿಗೆ ಅದೇ ಮದ್ದೆಂದರು. ಆ ವರ್ಣನೆ ನನಗೆ ಎಷ್ಟು ಹೊಂದುತ್ತಿತ್ತೆಂದರೆ, ಯಾರೋ ನನ್ನನ್ನು ಅರ್ಥಮಾಡಿಕೊಂಡರೆಂದೇ ಅನಿಸಿತು. ಆ ನಂಬಿಕೆಯಲ್ಲಿ ಎರಡೂವರೆ ತಿಂಗಳು ಕಳೆದವು. ಪ್ರತಿ ಸಲ ಗುಣ ಕಾಣದಿದ್ದಾಗ ಗುಳಿಗೆಯ ಅಂಕಿ ಮಾತ್ರ ಏರುತ್ತಿತ್ತು. ಕೊನೆಗೆ ಒಂದು ಸಂಜೆ ಬಾವಿಯ ಕಟ್ಟೆಯ ಬಳಿ ನಾನು ನಿಂತಿದ್ದ ರೀತಿಯನ್ನು ಕಂಡು ನನ್ನ ಓರಗಿತ್ತಿ ಕೈಹಿಡಿದು ಒಳಗೆ ಕರೆತಂದಳು. ಮರುದಿನವೇ ಮನೋವೈದ್ಯರ ಬಳಿಗೆ ಕರೆದೊಯ್ದರು. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಕೂರಿಸಿ ಮಾತನಾಡಿಸಿದರು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ನಾನು ನಾನಾಗಿದ್ದೆ.

ಸಿಪಿಯಾ ನನಗೆ ವಿಷವಾಗಲಿಲ್ಲ. ಅದು ನನ್ನ ಎರಡೂವರೆ ತಿಂಗಳುಗಳನ್ನು ತೆಗೆದುಕೊಂಡಿತು. ನನ್ನ ಮಗುವಿನ ಮೊದಲ ನಗು ನನಗೆ ನೆನಪಿಲ್ಲ. ಚಿಂತಾಮಣಿಯ ವೈದ್ಯೆಯವರಂತೆ ಎದುರು ಕೂತು ಕೇಳುವವರು ನನಗೆ ಸಿಕ್ಕಿದ್ದರೆ ಅವರು ನನ್ನನ್ನು ಬೇಗ ಕಳುಹಿಸಿಕೊಡುತ್ತಿದ್ದರೇನೋ.

ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಂತೆ ನೂರು ತಾಯಂದಿರಲ್ಲಿ 22 ಜನರಿಗೆ ಹೆರಿಗೆಯ ನಂತರದ ಖಿನ್ನತೆ ಇರುತ್ತದೆ. ಇದನ್ನು ತಿಳಿದ ದಿನ ನನ್ನ ನಾಚಿಕೆ ಅರ್ಧ ಇಳಿಯಿತು. 14416 ಎಂಬ ಟೆಲಿಮನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವೇ ಇದೆ. ಮಗುವನ್ನು ಬಿಟ್ಟಿರಬೇಕಾಗುತ್ತದೆಂದು ಹೆದರಿ ಯಾರೂ ತಡಮಾಡಬಾರದು.

ತಿಪಟೂರಿನ ತಂದೆ

ಶಿಡ್ಲಘಟ್ಟದ ಸೋದರಿಯ ಬರಹವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಮೊದಲ ಬಾಣಂತನದಲ್ಲಿ ತನಗೂ ಸ್ವಲ್ಪ ಹಾಗೆಯೇ ಇತ್ತೆಂದು ಇಂದು ಮೊದಲ ಬಾರಿಗೆ ಹೇಳಿದಳು. ಆ ಸಲ ನಾನು ಕೊಬ್ಬರಿ ಹರಾಜು, ಲಾರಿ ಎಂದು ತಿರುಗುತ್ತಿದ್ದೆ. ಎರಡನೆಯ ಸಲ ದಿನಕ್ಕೆ ನಾಲ್ಕು ಬಾರಿ ಗುಳಿಗೆ ಕೊಡುವ ಹೊಣೆ ನನ್ನದಾಗಿದ್ದರಿಂದ ಮನೆಯಲ್ಲಿಯೇ ಇದ್ದೆ. ಯಾವುದು ಅವಳನ್ನು ಎಬ್ಬಿಸಿ ನಿಲ್ಲಿಸಿತೆಂದು ಕೇಳಿದ್ದಕ್ಕೆ, ನೀವು ಮನೆಯಲ್ಲಿದ್ದಿರಿ ಎಂದಷ್ಟೇ ಹೇಳಿದಳು. ಆರ್ನಿಕಾದ ಮೇಲಿನ ನನ್ನ ವಿಶ್ವಾಸ ಪೂರ್ತಿ ಹೋಗಿಲ್ಲ, ಆದರೆ ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು ಎನಿಸಿದೆ.

ಗುಬ್ಬಿಯ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ದಾದಿಯವರ ಬರಹ ಓದಿದ ಮರುದಿನ ಬೆಳಿಗ್ಗೆಯೇ ಮಗಳನ್ನು ಕರೆದೊಯ್ದೆವು. ಹಿಮೋಗ್ಲೋಬಿನ್ 8.1 ಬಂದಿತು. ರಕ್ತ ಕೊಡುವಷ್ಟು ಇಳಿದಿಲ್ಲ, ಆದರೆ ಇನ್ನೂ ಕೆಲವು ವಾರ ಹೀಗೆಯೇ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತೆಂದು ವೈದ್ಯರು ಹೇಳಿದರು. ದಿನಕ್ಕೆ ಎರಡು ಕಬ್ಬಿಣದ ಮಾತ್ರೆ ಬರೆದಿದ್ದಾರೆ. ಒಂದು ತಿಂಗಳ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವುದಾಗಿ ಹೇಳಿದ್ದಾರೆ. ಇಪ್ಪತ್ತೊಂದನೆಯ ದಿನದ ಭೇಟಿಗೆ ಬಂದ ಆಶಾ ಕಾರ್ಯಕರ್ತೆಯೂ ಹಳೆಯ ಮಾತ್ರೆಗಳನ್ನು ಎಣಿಸಿ ನೋಡಿ ಬೇಸರಪಟ್ಟರು.

ನಾದಿನಿಯವರಿಗೆ ವರದಿಯನ್ನು ತೋರಿಸಿದೆ. ಅವರು ಅತ್ತುಬಿಟ್ಟರು. ಮಗಳ ಮೇಲಿನ ಅಕ್ಕರೆಯಿಂದಲೇ ಅವರು ಎಲ್ಲವನ್ನೂ ಮಾಡಿದ್ದು, ಪ್ರತಿದಿನ ಸಂಜೆ ಬಂದು ಮಗುವನ್ನು ಎತ್ತಿಕೊಂಡು ಮಗಳಿಗೆ ಎರಡು ಗಂಟೆ ನಿದ್ದೆ ಮಾಡಿಸಿದವರೂ ಅವರೇ. ಗುಳಿಗೆ ಮುಂದುವರಿಸಬೇಕೆಂದು ಅವರಿಗೆ ಇನ್ನೂ ಆಸೆಯಿದೆ. ಮಾತ್ರೆ ನಿಲ್ಲಿಸುವ ಮಾತು ಮಾತ್ರ ಇನ್ನು ಆಡುವುದಿಲ್ಲವೆಂದಿದ್ದಾರೆ. ಬರುವುದನ್ನು ಬಿಡಬೇಡಿ ಎಂದು ನಾನೇ ಕೇಳಿಕೊಂಡಿದ್ದೇನೆ.

ದಾದಿಯವರಲ್ಲಿ ಒಂದು ವಿನಂತಿ. ಮಾತ್ರೆ ತೆಗೆದುಕೊಂಡರೆ ಮಗಳಿಗೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಗಟ್ಟಿಯಾಗುತ್ತದೆ. ಹೊಲಿಗೆ ಇರುವುದರಿಂದ ಅವಳಿಗೆ ಭಯ. ಮೊದಲು ಮಾತ್ರೆ ಬಿಡಲು ಅವಳು ಅಷ್ಟು ಬೇಗ ಒಪ್ಪಿದ್ದೂ ಇದೇ ಕಾರಣಕ್ಕೆ ಎಂದು ಈಗ ಬಾಯಿ ಬಿಟ್ಟಿದ್ದಾಳೆ. ಏನು ಮಾಡಬೇಕು?

ಮಧುಗಿರಿಯ ನಿವೃತ್ತ ದಾದಿ

ಅದನ್ನು ಅವಳು ಹೇಳಿದ್ದು ಬಹಳ ಒಳ್ಳೆಯದಾಯಿತು. ಎಷ್ಟೋ ಬಾಣಂತಿಯರು ಹೇಳದೆಯೇ ಮಾತ್ರೆಯನ್ನು ದಿಂಬಿನಡಿ ಇಡುತ್ತಾರೆ. ಮಲ ಕಪ್ಪಗಾಗುವುದು ಕಬ್ಬಿಣದ ಬಣ್ಣ, ಅದಕ್ಕೆ ಹೆದರಬೇಕಾಗಿಲ್ಲ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ಕೊಡಿ, ಎರಡರಲ್ಲಿ ಒಂದನ್ನು ರಾತ್ರಿ ಮಲಗುವ ಮೊದಲು ಕೊಡಿ. ನಿಂಬೆಹಣ್ಣಿನ ಪಾನಕ ಅಥವಾ ನೆಲ್ಲಿಕಾಯಿಯ ಜೊತೆಗಾದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಕಾಫಿ, ಚಹಾ, ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಅದರಿಂದ ಎರಡು ಗಂಟೆ ದೂರವಿಡಿ.

ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಇಂದೇ ಬಿಡಿ, ಮಲ ಗಟ್ಟಿಯಾಗುವುದಕ್ಕೆ ಅರ್ಧ ಕಾರಣ ಅದೇ. ಬಿಸಿನೀರು ಬೇಕಾದಷ್ಟು ಕುಡಿಯಲಿ, ಪಪ್ಪಾಯಿ ಹಣ್ಣು, ಬಾಳೆಹಣ್ಣು ತಿನ್ನಲಿ, ರಾಗಿ ಮುದ್ದೆಗೆ ಸೊಪ್ಪಿನ ಸಾರು ಇರಲಿ. ಆದರೂ ಕಷ್ಟವಾದರೆ ಮಲ ಮೆತ್ತಗಾಗಿಸುವ ಔಷಧಿಯನ್ನು ವೈದ್ಯರಲ್ಲಿ ಕೇಳಿ ಪಡೆಯಿರಿ, ಹಾಲೂಡಿಸುವಾಗಲೂ ತೆಗೆದುಕೊಳ್ಳುವಂಥದ್ದು ಇದೆ. ಹೆರಿಗೆಯಾದ ಪ್ರತಿಯೊಬ್ಬ ತಾಯಿಗೂ 180 ದಿನ ಕಬ್ಬಿಣದ ಮಾತ್ರೆ ಸರ್ಕಾರವೇ ಉಚಿತವಾಗಿ ಕೊಡುತ್ತದೆ, ಮುಗಿದರೆ ಆಶಾ ಅವರನ್ನು ಕೇಳಿ. ಆರನೆಯ ವಾರದ ತಪಾಸಣೆಯನ್ನು ತಪ್ಪಿಸಬೇಡಿ. ಬೆಳ್ಳುಳ್ಳಿಯನ್ನು ನಿಮ್ಮ ಅತ್ತೆಯವರು ಹೇಳಿದಂತೆಯೇ ಹಾಕಿ.